ಮೀಟರು ಹೇಳದ ಮಾತು

ತೀರ್ಥಹಳ್ಳಿ

ಚಿ. ಸುಧನ್ವನಿಗೆ ಮಾವನ ಆಶೀರ್ವಾದಗಳು.

ನಿನ್ನನ್ನು ಬಾಯ್ಲರ್ ಬಿಡಿಸಿ ಬಾಯ್ಲರಿನ ನೀರಿನಿಂದ ಲವಣ ತೆಗೆಯುವ ಡಿಎಂ ಪ್ಲಾಂಟಿಗೆ ಹಾಕಿದರೆಂದು ಅಕ್ಕ ಫೋನಿನಲ್ಲಿ ಬೇಜಾರು ಮಾಡಿಕೊಂಡಳು. ನನಗೇನೋ ಖುಷಿಯೇ ಆಯಿತು. ಬಾಯ್ಲರಿನ ಆಯಸ್ಸು ಈಗ ನಿನ್ನ ಕೈಲಿದೆ.

ನೀರು ಹಾಯುವ ಸಣ್ಣ ಮಣಿಗಳಾದ ರೆಸಿನ್‌ಗಳಲ್ಲಿ ಕ್ಯಾಟಯಾನ್ ರೆಸಿನ್ ಕ್ಯಾಲ್ಸಿಯಂ, ಸೋಡಿಯಂ ಹಿಡಿದುಕೊಂಡು ಹೈಡ್ರೋಜನ್ ಅಯಾನು ಬಿಡುತ್ತದೆ, ಆನಯಾನ್ ರೆಸಿನ್ ಕ್ಲೋರೈಡ್, ಸಿಲಿಕಾ ಹಿಡಿಯುತ್ತದೆ. ಇದೆಲ್ಲ ನಿನಗೆ ಗೊತ್ತೇ ಇದೆ. ಗೊತ್ತಿರಬೇಕಾದ್ದು ನಮ್ಮ ಮಳೆಗಾಲದ ವಿಷಯ. ಮಲೆನಾಡಿನ ಹೊಳೆನೀರಿನಲ್ಲಿ ಲವಣ ಕಡಿಮೆ. ಹಾಗಾಗಿ ಒಂದು ರಿಜನರೇಶನ್ (ಆಮ್ಲ, ಕಾಸ್ಟಿಕ್ ಸೋಡ ಹಾಯಿಸಿ ರೆಸಿನ್ನಿಗೆ ಮತ್ತೆ ಶಕ್ತಿ ಕೊಡುವುದು) ಆದಮೇಲೆ ಪ್ಲಾಂಟು ಬಹಳ ಹೊತ್ತು ಓಡುತ್ತದೆ, ಆಪರೇಟರಿಗೆ ಆಲಸ್ಯವೂ ಹತ್ತುತ್ತದೆ. ಆದರೆ ಕಾಡಿನ ದರಕು ಕೊಳೆತು ಬಂದ ಕಂದು ನೀರಿನಲ್ಲಿ ಹ್ಯೂಮಿಕ್ ಆಮ್ಲಗಳಿರುತ್ತವೆ. ಅವು ಆನಯಾನ್ ರೆಸಿನ್ನಿನ ಒಳಹೊಕ್ಕರೆ ಮಾಮೂಲಿ ಕಾಸ್ಟಿಕ್‌ಗೆ ಸುಲಭದಲ್ಲಿ ಜಗ್ಗುವುದಿಲ್ಲ. ಆ ಕಾಸ್ಟಿಕ್ ತೊಳೆದು ತೆಗೆಯಲು ರಿನ್ಸ್ ಮಾಡಿದಷ್ಟೂ ಮುಗಿಯದೆ ಎಳೆಯತೊಡಗಿದರೆ ಅನುಮಾನ ಪಡು. ಪ್ರತಿ ಸಲ ರಿನ್ಸಿಗೆ ಹಿಡಿದ ಸಮಯ ಬರೆದಿಡು. ಶೇ 10ರ ಉಪ್ಪುನೀರಿಗೆ ಶೇ 2 ಕಾಸ್ಟಿಕ್ ಬೆರೆಸಿ, ಬೆಚ್ಚಗೆ ಮಾಡಿ ಕೆಲವು ಗಂಟೆ ನೆನೆಸಿದರೆ ಬಣ್ಣ ಬಿಡುತ್ತದೆ. ಬಿಸಿ ಮಾಡುವ ಮೊದಲು ರೆಸಿನ್ ಯಾವ ಟೈಪು ಕೇಳು; ಟೈಪ್-1 ಹೆಚ್ಚು ಶಾಖ ತಾಳುತ್ತದೆ, ಟೈಪ್-2 ಆದರೆ 35 ಡಿಗ್ರಿಯ ಆಸುಪಾಸಿಗೆ ನಿಲ್ಲಿಸು.

ನೀರು ಕದಡಿದಾಗ ಕ್ಲೋರಿನ್ ಜಾಸ್ತಿ ಹಾಕುವವರೂ ಇರುತ್ತಾರೆ. ಅದು ಕಾರ್ಬನ್ ಫಿಲ್ಟರ್ ದಾಟಿದರೆ ಕ್ಯಾಟಯಾನ್ ಮಣಿಗಳು ಮೆತ್ತಗಾಗಿ ಹಾಳಾಗುತ್ತವೆ.

ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆಂದು ನೋಡಿ ಲವಣ ಹೇಳುವ ಕಂಡಕ್ಟಿವಿಟಿ ಮೀಟರಿನ ಓದು ಚೆನ್ನಾಗಿದೆ ಅಂತ ನಿದ್ದೆ ಹೊಡೆಯಬೇಡ. ಆನಯಾನ್ ರೆಸಿನ್ನಿನ ಶಕ್ತಿ ತೀರುತ್ತಾ ಬಂದಾಗ ಮೊದಲು ಜಾರುವುದು ಸಿಲಿಕಾ, ಮೀಟರು ಅದನ್ನು ತೋರಿಸುವುದಿಲ್ಲ. ಕೆಲವೊಮ್ಮೆ ಓದು ಒಂಚೂರು ಇಳಿದು ಆಮೇಲೆ ಏರುತ್ತದೆ! ನೋಡಿದವರಿಗೆ ನೀರು ಇನ್ನೂ ಶುದ್ಧವಾಯಿತು ಅನ್ನಿಸಬೇಕು. ಆ ಸಿಲಿಕಾ ಬಾಯ್ಲರಿನಲ್ಲಿ, ಟರ್ಬೈನಿನ ಬ್ಲೇಡಿನ ಮೇಲೆ ಗಾಜಿನಂತೆ ಕೂತರೆ ಕೆರೆದರೂ ಹೋಗದು. ಪಾಳಿಗೊಮ್ಮೆಯಾದರೂ ಮಾಲಿಬ್ಡೇಟ್ ಹಾಕಿ, ಸಿಲಿಕಾ ಇದ್ದರೆ ಬರುವ ನೀಲಿ ಬಣ್ಣ ನೋಡು. ಲ್ಯಾಬಿನವರು ಗೊಣಗಿದರೆ ಗೊಣಗಲಿ.

ಕಾಸ್ಟಿಕ್ ಪಂಪಿನ ಹತ್ತಿರ ಕನ್ನಡಕ ತೆಗೆಯಬೇಡ. ಕಣ್ಣಿಗೆ ಸಿಡಿದರೆ ತಕ್ಷಣ ನೀರು ಬಿಡು, ಕನಿಷ್ಠ 15 ನಿಮಿಷ, ಆಮೇಲೆ ಡಾಕ್ಟರು.

ಗೌರಿ ಹಬ್ಬಕ್ಕೆ ಬರುವಾಗ ರಿನ್ಸ್ ಸಮಯ ಬರೆದ ಪಟ್ಟಿ ತಾ, ಕೂತು ನೋಡೋಣ. ಅಕ್ಕನಿಗೆ ಈ ಕಾಗದ ಓದಿ ಹೇಳು.

ಇಂತಿ,
ನಿನ್ನ ಮಾವ