ಹಾಲಿನ ಲೆಕ್ಕದ ಪುಸ್ತಕದ ಋಣ

ಕಳೆದ ವಾರ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಒಂಬತ್ತು ವರ್ಷ ಹಿಡಿಯಿತು. ನಡುವೆ ಎರಡು ಸಲ ಕೈಚೆಲ್ಲಿದ್ದೆ. ಒಮ್ಮೆ ಅಮ್ಮನ ಕಾಯಿಲೆಯಿಂದ. ಇನ್ನೊಮ್ಮೆ, ಸಂದರ್ಶನವೊಂದರಲ್ಲಿ ಹಿರಿಯರೊಬ್ಬರು "ಪಾತಿವ್ರತ್ಯ ಬೋಧಿಸಿದವಳಲ್ಲಿ ಎಂಥ ಪ್ರಶ್ನೆ ಹುಡುಕುತ್ತೀರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ನನ್ನ ಕಡತ ಮುಚ್ಚಿದಾಗ.

ಅವರು ಹೇಳಿದ್ದು ಸಂಚಿ ಹೊನ್ನಮ್ಮನನ್ನು ಕುರಿತು. ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದವಳು 17ನೇ ಶತಮಾನದ ಕೊನೆಯ ಹೊತ್ತಿಗೆ 'ಹದಿಬದೆಯ ಧರ್ಮ' ಬರೆದಳು. ಅದು ಹೆಂಡತಿಯ ಕರ್ತವ್ಯ ಹೇಳುವ ಕಾವ್ಯವೇ, ಒಪ್ಪುತ್ತೇನೆ. ಆದರೆ ಗಂಡಸರ ಶಾಸ್ತ್ರವನ್ನು ಸಾಂಗತ್ಯವೆಂಬ ಹಾಡಿನ ಛಂದಸ್ಸಿನಲ್ಲಿ ಹಾಡುತ್ತಲೇ ಆಕೆ "ಪೆಣ್ಣಲ್ಲವೆ ತಮ್ಮನೆಲ್ಲ ಪಡೆದ ತಾಯಿ" ಎಂದು ಕೇಳಿಬಿಡುತ್ತಾಳೆ, ಹೆಣ್ಣನ್ನು ಹೀಗಳೆಯುವವರನ್ನು ಕಣ್ಣು ಕಾಣದ ಗಾವಿಲರು, ಅಂದರೆ ಮೂಢರು, ಎನ್ನುತ್ತಾಳೆ. ಊಳಿಗದ ಹೆಣ್ಣೊಬ್ಬಳು ಅರಮನೆಯೊಳಗೆ ಕುಳಿತು ಆಡಿದ ಮಾತು ಇದು! ಕೊಟ್ಟ ಮಣೆಯ ಮೇಲೆಯೇ ಕುಳಿತು ಬಡಿಸಿದವರನ್ನು ಪ್ರಶ್ನಿಸುವ ಈ ಧೈರ್ಯವೇ ನನ್ನ ಪ್ರಬಂಧದ ಜೀವ. ಇದೇ ಧೈರ್ಯವನ್ನು ನಮ್ಮ ಕಾಲದ ಲೇಖಕಿ ವೈದೇಹಿಯವರಲ್ಲೂ ಕಂಡೆ. ಮಹಾಭಾರತದ ಶಕುಂತಳೆಯ ಕಥೆಯಲ್ಲಿ ಇಲ್ಲದ ಶಾಪವನ್ನು ಕಾಳಿದಾಸ ದುಷ್ಯಂತನ ಮರೆವಿಗೆ ಕಾರಣವಾಗಿಸಿದ. ವೈದೇಹಿಯವರ ಕಥೆಯಲ್ಲಿ ಶಕುಂತಳೆ ತನ್ನ ಪಾಡನ್ನು ತಾನೇ ಹೇಳಿಕೊಳ್ಳುತ್ತಾಳೆ. ನಡುವೆ ಮುನ್ನೂರು ವರ್ಷ ಕಳೆದರೂ ಹೊನ್ನಮ್ಮ, ವೈದೇಹಿ ಇಬ್ಬರೂ ಹಳೆಯ ಕಥೆಯ ಒಳಗಿನಿಂದಲೇ ಮಾತೆತ್ತಿದವರು.

ಕೈಬಿಟ್ಟಿದ್ದ ನನ್ನನ್ನು ಮನೆಗೇ ಬಂದು ಕರೆದೊಯ್ದ ಮಾರ್ಗದರ್ಶಕಿ ಮೇಡಂ ಅವರಿಗೆ, ಹಳೆಯ ಸಂಪುಟಗಳನ್ನು ಧೂಳು ಒರೆಸಿ ಮೇಜಿನ ಮೇಲಿಡುತ್ತಿದ್ದ ಗ್ರಂಥಾಲಯದ ಸಿಬ್ಬಂದಿಗೆ, ಪರೀಕ್ಷೆಯ ಹಿಂದಿನ ರಾತ್ರಿ ಅಡುಗೆಮನೆ ನೋಡಿಕೊಂಡ ಅತ್ತೆಯವರಿಗೆ ನಮಸ್ಕಾರ.

ಅಮ್ಮನಿಗೆ ಏನು ಹೇಳಲಿ? ಓದಿದ್ದು ಏಳನೆಯ ತರಗತಿ. ನಾನು ಮೂರನೆಯ ಹೆಣ್ಣಾಗಿ ಹುಟ್ಟಿದಾಗ ಬಾಣಂತಿಯನ್ನು ನೋಡಲು ಬಂದವರು ಸಮಾಧಾನ ಹೇಳಿ ಹೋದರಂತೆ. ಅಂದು ಸಂಜೆ ಅಮ್ಮ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ, ಶಾಲೆಯಲ್ಲಿ ಕಲಿತಿದ್ದ ಹೊನ್ನಮ್ಮನ ಆ ಪದ್ಯವನ್ನು ಪೆನ್ಸಿಲಿನಲ್ಲಿ ಬರೆದಿಟ್ಟಳು. ಮೇಲಿನ ಪುಟದಲ್ಲಿ ಅರ್ಧ ಲೀಟರು, ಒಂದು ಲೀಟರು ಎಂಬ ಲೆಕ್ಕ. ಕೆಳಗೆ ಓರೆಯಾಗಿ ಇಳಿದ ನಾಲ್ಕು ಸಾಲು. ಆ ಪುಸ್ತಕ ನನ್ನ ಕೈಗೆ ಸಿಕ್ಕಿದ್ದು ಎರಡನೆಯ ಸಲ ಸೋತು ಕುಳಿತಿದ್ದಾಗ.

ಪ್ರಬಂಧದ ಕರಡನ್ನು ಮೊದಲು ಓದಿಸಿ ಕೇಳಿದವಳೂ ಅವಳೇ. ನಾನು "ಗಾವಿಲ್ಲರು" ಎಂದು ಟೈಪ್ ಮಾಡಿದ್ದೆ. "ಒಂದು ಲ ಸಾಕು, ತಿದ್ದು" ಎಂದಳು.

ತಿದ್ದಿದ್ದೇನೆ, ಅಮ್ಮ.