ಮಕ್ಕಳ ಪುಟದಲ್ಲಿ ಅಮ್ಮಂದಿರು ಸಾಯುವುದೇ ಇಲ್ಲ

ಮಾನ್ಯ ಸಂಪಾದಕರೇ,

ಮಾಟುಂಗದ ಒಂದು ಹೋಟೆಲಿನ ಕೌಂಟರಿನಲ್ಲಿ 41 ವರ್ಷ ಕೂತವನು ನಾನು. ಈಗ ಡೊಂಬಿವಲಿಯ ಮನೆಯಲ್ಲಿ ಕೂತಿದ್ದೇನೆ. ಭಾನುವಾರ ನಿಮ್ಮ ಮಕ್ಕಳ ಪುಟವನ್ನು ಮೊಮ್ಮಗನಿಗೆ ಓದಿ ಹೇಳುವುದು ನನ್ನ ಕೆಲಸ. ಅವನು ಹೋಗುವುದು ಇಂಗ್ಲಿಷ್ ಶಾಲೆಗೆ. ಕನ್ನಡ ಅಕ್ಷರ ಕಲಿತದ್ದು ನಿಮ್ಮ ಪುಟದಿಂದಲೇ. ಆ ಋಣ ಇರುವುದರಿಂದ ಈ ದೂರನ್ನು ಮೆಲ್ಲಗೆ ಹೇಳುತ್ತೇನೆ.

ನಾನು ಓದಿದ ಮಟ್ಟಿಗೆ ಆ ಪುಟದಲ್ಲಿ ರಾಕ್ಷಸರು ಸಾಯುತ್ತಾರೆ, ಮೋಸದ ನರಿ ಸಾಯುತ್ತದೆ. ಯಾವ ಮಗುವಿನ ಅಮ್ಮನೂ ಸಾಯುವುದಿಲ್ಲ.

ನಮ್ಮ ಸೊಸೆ ತೀರಿಕೊಂಡು ಎರಡು ಮಳೆಗಾಲ ಆಯಿತು. ಡೆಂಗ್ಯೂ. ಐದೇ ದಿನ. ಮಾಣಿಗೆ (ಕುಂದಾಪುರದ ಕಡೆ ನಾವು ಹುಡುಗನಿಗೆ ಹೀಗೇ ಅನ್ನುವುದು, ಹೋಟೆಲಿನ ಮಾಣಿ ಅಲ್ಲ) ಆಗ ಆರು ವರ್ಷ. ಅವನನ್ನು ಪಕ್ಕದ ಮರಾಠಿಯವರ ಮನೆಯಲ್ಲಿ ಬಿಟ್ಟು ಎಲ್ಲ ಮುಗಿಸಿ ಬಂದೆವು. ಅಮ್ಮ ಎಲ್ಲಿ ಅಂತ ಕೇಳಿದ. ನಾನೇ ಹೇಳಿದ್ದು: "ಊರಿಗೆ ಹೋಗಿದ್ದಾಳೆ."

ಮುಂಬೈಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಊರು ಅಂದರೆ ಏನು ಅಂತ ನಿಮಗೆ ಗೊತ್ತಲ್ವಾ? ಮೇ ತಿಂಗಳಲ್ಲಿ ಹೋಗುವ ಜಾಗ. ಹೋದವರೆಲ್ಲ ಜೂನ್‌ನಲ್ಲಿ ಹಲಸಿನ ಹಪ್ಪಳ ಕಟ್ಟಿಕೊಂಡು ವಾಪಸ್ ಬರುವ ಜಾಗ. ಮುಂದಿನ ಮೇಗೆ 60 ದಿನ ಮೊದಲೇ ಮತ್ಸ್ಯಗಂಧ ರೈಲಿಗೆ ರಿಸರ್ವೇಷನ್ ಮಾಡಿಸಿದೆವು. ಕುರ್ಲಾದಲ್ಲಿ ರೈಲು ಹತ್ತುವಾಗ ಅವನ ಚೀಲದಲ್ಲಿ ಅವಳ ಕನ್ನಡಕದ ಡಬ್ಬಿ ಇತ್ತು. ಅಮ್ಮ ಬಿಟ್ಟು ಹೋಗಿದ್ದಾಳೆ, ಕೊಡಬೇಕು ಅಂದ. ಬೆಳಗಿನ ಜಾವ ಕುಂದಾಪುರದಲ್ಲಿ ಇಳಿದು, ಮನೆ ಮುಟ್ಟಿ, ಅಡುಗೆಮನೆ, ಬಚ್ಚಲು, ಹಿಂದಿನ ಕೊಟ್ಟಿಗೆ ಎಲ್ಲ ನೋಡಿ ಬಂದ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವನು ಅಳಲಿಲ್ಲ. "ಅಜ್ಜ, ಇದು ಆ ಊರು ಅಲ್ವಾ?" ಅಂದ.

ಬೇರೆಯವರೂ ಅವರವರ ಕೈಲಾದ ಸುಳ್ಳು ಹೇಳಿದ್ದರು. ನಕ್ಷತ್ರ ಆಗಿದ್ದಾಳೆ ಅಂತ ಒಬ್ಬರು. ಮಳೆಗಾಲದ ಡೊಂಬಿವಲಿಯಲ್ಲಿ ನಕ್ಷತ್ರ ಎಲ್ಲಿ ಕಾಣಬೇಕು? ದೇವರು ತನಗೆ ಇಷ್ಟವಾದವರನ್ನು ಬೇಗ ಕರೆಸಿಕೊಳ್ಳುತ್ತಾನೆ ಅಂತ ಇನ್ನೊಬ್ಬರು. ಆ ವರ್ಷ ಮಾಣಿ ಗಣಪತಿ ಪೆಂಡಾಲಿನ ಒಳಗೆ ಕಾಲಿಡಲಿಲ್ಲ. ದೇವರಿಗೆ ತಾನೂ ಇಷ್ಟವಾಗಿಬಿಟ್ಟರೆ ಅನ್ನುವ ಹೆದರಿಕೆ.

ಊರಿನಿಂದ ಬಂದ ಮೇಲೆ ನಿಜ ಹೇಳಿದೆವು. ಸತ್ತಿದ್ದಾಳೆ, ಇನ್ನು ಬರುವುದಿಲ್ಲ ಅಂತ. ಆಮೇಲೆ ನನಗೆ ಬೇಕಾದದ್ದು ಒಂದು ಕತೆ. ಗೊತ್ತಿದ್ದದ್ದು ಪುಣ್ಯಕೋಟಿ, ಅದನ್ನೇ ಹೇಳಿದೆ. ಎಂಥ ತಪ್ಪು ಮಾಡಿದೆ! ಸಾಯಲು ಹೊರಟ ತಾಯಿ ಕರುವಿಗೆ ಹಾಲು ಕೊಟ್ಟು, ಇವನನ್ನು ನೋಡಿಕೊಳ್ಳಿ ಅಂತ ಉಳಿದ ಹಸುಗಳಿಗೆ ಒಪ್ಪಿಸಿ ಹೋಗುವಲ್ಲಿವರೆಗೆ ಅವನು ಉಸಿರು ಬಿಗಿಹಿಡಿದು ಕೇಳಿದ. ಆದರೆ ಪುಣ್ಯಕೋಟಿ ಬದುಕುತ್ತದೆ. ಸಾಯುವುದು ಹುಲಿ. ಮಾಣಿ ಕೇಳಿದ: "ಅಮ್ಮ ಆಸ್ಪತ್ರೆಗೆ ಹೋಗುವಾಗ ನಾಳೆ ಬರ್ತೇನೆ ಅಂದಿದ್ದಳು. ಅವಳು ಮಾತು ತಪ್ಪಿದಳಾ?"

ಇದಕ್ಕೆ ನಾನು ಏನು ಹೇಳಬೇಕಿತ್ತು, ಸಂಪಾದಕರೇ?

ಕನ್ನಡ ಸಂಘದ ಗ್ರಂಥಾಲಯದಲ್ಲಿ ಎರಡು ಶನಿವಾರ ಹುಡುಕಿದೆ. ದೊಡ್ಡವರ ದುಃಖಕ್ಕೆ ಕನ್ನಡದಲ್ಲಿ ಬರಹದ ಬರ ಇಲ್ಲ. ಮಗು ತೀರಿಕೊಂಡಾಗ ಬೇಂದ್ರೆ ಬರೆದ ಪದ್ಯವನ್ನು ಈಗಲೂ ಪೂರ್ತಿ ಓದಲು ನನ್ನಿಂದ ಆಗುವುದಿಲ್ಲ. ಆದರೆ ಅದು ಅಪ್ಪನ ಮಾತು. ಮಗುವಿನ ಕಡೆಯಿಂದ ಬರೆದದ್ದು ನನ್ನ ಕೈಗೆ ಸಿಗಲಿಲ್ಲ. ಪಕ್ಕದ ಮನೆಯ ಆಜಿ 'ಶ್ಯಾಮಚೀ ಆಯಿ' (ಶ್ಯಾಮನ ಅಮ್ಮ) ಅನ್ನುವ ಮರಾಠಿ ಪುಸ್ತಕ ಕೊಟ್ಟರು. ಸಾನೆ ಗುರೂಜಿ 1933ರಲ್ಲಿ ನಾಸಿಕ್ ಜೈಲಿನಲ್ಲಿ ಬರೆದದ್ದು. ಅದರಲ್ಲಿ ಅಮ್ಮ ಕೊನೆಗೆ ತೀರಿಕೊಳ್ಳುತ್ತಾಳೆ, ಆ ಧೈರ್ಯ ಮರಾಠಿಯವರಿಗೆ ಇದೆ. ಆದರೆ ಆ ಅಮ್ಮ ತುಂಬ ದೊಡ್ಡವಳು, ಪ್ರತಿ ಕತೆಯಲ್ಲೂ ಒಂದು ಪಾಠ. ನಮ್ಮ ಸೊಸೆ ಅಂಥವಳಲ್ಲ. ಮೊಬೈಲ್ ನೋಡುತ್ತಾ ಹಾಲು ಉಕ್ಕಿಸುತ್ತಿದ್ದಳು, ಮಾಣಿಗೆ ಬೈದು ಆಮೇಲೆ ತಾನೇ ಅಳುತ್ತಿದ್ದಳು.

ಕೊನೆಗೆ ದಾರಿ ತೋರಿಸಿದ್ದು ಒಂದು ಜೇಡ. ಶಾಲೆಯ ಟೀಚರ್ ಅವನಿಗೆ 'ಶಾರ್ಲಟ್ಸ್ ವೆಬ್' ಓದಿಸಿದರು. ಅಮೆರಿಕದ ಇ. ಬಿ. ವೈಟ್ 1952ರಲ್ಲಿ ಬರೆದ ಪುಸ್ತಕ. ನನಗೆ ಅಷ್ಟು ಇಂಗ್ಲಿಷ್ ಬಾರದು, ಮಾಣಿಯೇ ದಿನಕ್ಕಿಷ್ಟು ಕನ್ನಡದಲ್ಲಿ ಹೇಳಿದ. ಹಂದಿಮರಿಯ ಜೀವ ಉಳಿಸಿದ ಜೇಡ ಕೊನೆಗೆ ಜಾತ್ರೆಯಲ್ಲಿ ಒಂಟಿಯಾಗಿ ಸಾಯುತ್ತದೆ. "ಸತ್ತಿತು ಅಂತಲೇ ಬರೆದಿದ್ದಾರೆ ಅಜ್ಜ" ಅಂತ ಎರಡು ಸಲ ಹೇಳಿದ. ಅವನಿಗೆ ಅದು ದೊಡ್ಡ ವಿಷಯ. ಹಂದಿಮರಿ ಜೇಡನ ಮೊಟ್ಟೆಯ ಚೀಲವನ್ನು ಬಾಯಲ್ಲಿಟ್ಟು ಮನೆಗೆ ತರುತ್ತದೆ. ಮರಿಗಳು ಹೊರಗೆ ಬಂದವು, ಹೆಚ್ಚಿನವು ಗಾಳಿಯಲ್ಲಿ ತೇಲಿ ಹೋದವು, ಮೂರು ಉಳಿದವು. ಯಾಕೆ ಮೂರೇ ಅಂತ ನಾನು ಕೇಳಿದೆ. "ಎಲ್ಲವೂ ಉಳಿದರೆ ಸುಳ್ಳು ಅನ್ಸುತ್ತೆ" ಅಂದ. ಆ ರಾತ್ರಿ ಅವನು ಮೊದಲ ಸಲ ಅಮ್ಮನಿಗಾಗಿ ಜೋರಾಗಿ ಅತ್ತ.

ನಿಮ್ಮಲ್ಲಿ ಕೇಳುವುದು ಇಷ್ಟೇ. ತಿಂಗಳಿಗೊಮ್ಮೆಯಾದರೂ ಇಂಥ ಒಂದು ಕತೆ ಹಾಕಿ. ಅಮ್ಮನೋ ಅಜ್ಜನೋ ತಂಗಿಯೋ ಸತ್ತ ಮನೆಯ ಕತೆ. 'ಸತ್ತಳು' ಅಂತಲೇ ಬರೆಯಲಿ. ಕೊನೆಯ ಪ್ಯಾರಾದಲ್ಲಿ ಮಗು ಕಣ್ಣೊರೆಸಿಕೊಂಡು ಜಾಣನಾಗುವುದು ಬೇಡ. ಮರುದಿನವೂ ಶಾಲೆಯ ಡಬ್ಬಿ ಕಟ್ಟಬೇಕಲ್ಲ, ಅದನ್ನು ಯಾರು ಕಟ್ಟಿದರು, ರುಚಿ ಹೇಗಿತ್ತು, ಅದನ್ನು ಬರೆಯಲಿ.

ನಾನೇ ಬರೆಯಲು ಕೂತೆ. ಲೆಕ್ಕ ಬರೆದು ಅಭ್ಯಾಸವಾದ ಕೈ, ಬರಲಿಲ್ಲ. ಮಾಣಿ ಪಕ್ಕದಲ್ಲಿ ಕೂತು, "ಅಮ್ಮ ರುಬ್ಬಿಟ್ಟ ಇಡ್ಲಿ ಹಿಟ್ಟು ಫ್ರಿಜ್‌ನಲ್ಲಿತ್ತು, ಅಜ್ಜ ಅದನ್ನು ಚೆಲ್ಲಿದರು ಅಂತ ಬರೆ" ಅಂದ. ನಾಲ್ಕನೇ ದಿನ ರಾತ್ರಿ, ಎಲ್ಲರೂ ಮಲಗಿದ್ದಾರೆ ಅಂದುಕೊಂಡು ಚೆಲ್ಲಿದ್ದೆ. ಅವನು ನೋಡಿದ್ದ. ಕತೆ ಬರೆಯುವವರು ಯಾರಾದರೂ ಸಿಕ್ಕರೆ ಆ ಸಾಲನ್ನು ಅವರಿಗೆ ಕೊಡಿ, ಮಾಣಿಯ ಒಪ್ಪಿಗೆ ಇದೆ.

ಇತಿ,
ನಿಮ್ಮ ಹಳೆಯ ಓದುಗ,
ಡೊಂಬಿವಲಿ ಪೂರ್ವ