ಕಾಲೇಜು ನೋಡಿಬಂದರೆ ಅಮೆರಿಕದಲ್ಲಿ ಸೀಟು ಸಿಗುತ್ತಾ?

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ದಾವಣಗೆರೆಯಿಂದ ನಮ್ಮಣ್ಣ ಫೋನ್ ಮಾಡಿದ. ಅವನ ಮಗಳು ಸೆಕೆಂಡ್ ಪಿಯುಸಿ, ಡಿಗ್ರಿಗೆ ಅಮೆರಿಕಕ್ಕೆ ಬರಬೇಕು ಅಂತ ಆಸೆ. "ಬೆಂಗಳೂರಿನ ಕನ್ಸಲ್ಟೆಂಟ್ ಒಬ್ಬರು ಹೇಳಿದ್ದಾರೆ ಕಣೇ, ಅಪ್ಲಿಕೇಶನ್ ಹಾಕೋಕೆ ಮುಂಚೆ ಕಾಲೇಜಿಗೆ ಹೋಗಿ ಮುಖ ತೋರಿಸಿ ಬಂದರೆ ಚಾನ್ಸ್ ಜಾಸ್ತಿಯಂತೆ. 12 ದಿನ, ಎಂಟು ಕಾಲೇಜು, ಮೂರು ಜನಕ್ಕೆ 14 ಲಕ್ಷ. 50 ಸಾವಿರ ಅಡ್ವಾನ್ಸ್ ಕೊಟ್ಟಾಯ್ತು" ಅಂದ.

ನನ್ನ ಮಗಳ ಅಡ್ಮಿಷನ್ ಗಲಾಟೆ ಮುಗಿದು ಎರಡು ವರ್ಷವಾಯಿತು. ನಾವಿರುವುದು ನ್ಯೂಜೆರ್ಸಿಯಲ್ಲಿ, ಕಾರು ಹತ್ತಿದರೆ ನಾಲ್ಕು ಗಂಟೆಯೊಳಗೆ ಹತ್ತಾರು ಕಾಲೇಜು ಸಿಗುತ್ತವೆ, ಹಾಗಾಗಿ ಈ ಸುತ್ತಾಟ ನಾವೂ ಮಾಡಿದ್ದೇವೆ. ಅಣ್ಣನಿಗೆ ಹೇಳಿದ್ದನ್ನೇ ನಿಮ್ಮ ಓದುಗರಿಗೂ ಹೇಳೋಣ ಅಂತ ಬರೆಯುತ್ತಿದ್ದೇನೆ.

ಮೊದಲು ಆ ಎಂಟು ಕಾಲೇಜಿನ ಪಟ್ಟಿ ಕಳಿಸು ಅಂದೆ. ಅದರಲ್ಲಿ ಹಾರ್ವರ್ಡ್, ಎಂಐಟಿ, ಸ್ಟ್ಯಾನ್‌ಫರ್ಡ್, ಬರ್ಕ್ಲಿ ಇದ್ದವು. ಈ ನಾಲ್ಕೂ ಕಡೆ ನೀವು ಬಂದು ನೋಡಿದ್ದೀರಾ ಇಲ್ಲವಾ ಅನ್ನುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದು ನಾನು ಹೇಳಿದ್ದಲ್ಲ, ಕಾಲೇಜುಗಳೇ ಬರೆದು ಹಾಕಿರುವುದು. ಇಲ್ಲಿನ ಬಹಳಷ್ಟು ಕಾಲೇಜುಗಳು ಪ್ರತಿ ವರ್ಷ 'ಕಾಮನ್ ಡೇಟಾ ಸೆಟ್' ಅಂತ ಒಂದು ಕಡತ ಹೊರಗೆ ಬಿಡುತ್ತವೆ. ಅದರಲ್ಲಿ ಸಿ7 ಅನ್ನೋ ಪಟ್ಟಿ ನೋಡಿ. ಅಂಕ, ಪ್ರಬಂಧ, ಶಿಫಾರಸು ಪತ್ರ ಒಂದೊಂದಕ್ಕೂ ಎಷ್ಟು ಬೆಲೆ ಕೊಡ್ತೀವಿ ಅಂತ ಗುರುತು ಹಾಕಿರುತ್ತಾರೆ. 'ಅರ್ಜಿದಾರರ ಆಸಕ್ತಿ' ಅಂತಲೂ ಒಂದು ಸಾಲು ಇರುತ್ತದೆ, ಕಾಲೇಜಿಗೆ ಬಂದು ನೋಡಿದ್ದು ಈ ಲೆಕ್ಕಕ್ಕೇ ಸೇರುವುದು. ಆ ಸಾಲಿನಲ್ಲಿ 'ಪರಿಗಣಿಸುವುದಿಲ್ಲ' ಅಂತ ಇದ್ದರೆ ಮುಗೀತು. ದುಡ್ಡು ಖರ್ಚಿಲ್ಲದೆ ಐದು ನಿಮಿಷದಲ್ಲಿ ಗೊತ್ತಾಗುವ ವಿಷಯ ಇದು.

ಹಾಗಂತ ಕನ್ಸಲ್ಟೆಂಟ್ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಮದುವೆ ಮನೆಯಲ್ಲಿ ಸಾವಿರ ಜನರನ್ನು ಕರೆದರೆ ಎಷ್ಟು ಎಲೆ ಹಾಕಿಸಬೇಕು ಅಂತ ಅಡುಗೆ ಭಟ್ಟರು ಕೇಳ್ತಾರಲ್ಲ, ಇಲ್ಲಿನ ಮಧ್ಯಮ ಗಾತ್ರದ ಖಾಸಗಿ ಕಾಲೇಜುಗಳ ತಲೆನೋವೂ ಅದೇ. ಒಬ್ಬೊಬ್ಬ ಹುಡುಗ ಹತ್ತು, ಹದಿನೈದು ಕಡೆ ಅರ್ಜಿ ಹಾಕಿರುತ್ತಾನೆ. ಸೀಟು ಕೊಟ್ಟವರಲ್ಲಿ ಎಷ್ಟು ಜನ ನಿಜವಾಗಿ ಬಂದು ಸೇರುತ್ತಾರೆ ಅಂತ ಅಂದಾಜು ಬೇಕು. ಅದಕ್ಕೇ ಕೆಲವರು ಹುಡುಗರ ಆಸಕ್ತಿಯನ್ನು ಲೆಕ್ಕ ಇಡುತ್ತಾರೆ: ಕ್ಯಾಂಪಸ್‌ಗೆ ಬಂದಿದ್ದರಾ, ಆನ್‌ಲೈನ್ ಸಭೆಗೆ ಕೂತಿದ್ದರಾ, ಕೆಲವು ಕಡೆಯಂತೂ ಕಳಿಸಿದ ಇಮೇಲ್ ತೆರೆದರಾ ಅನ್ನುವುದು ಸಹ. ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಇದರ ಮೇಲೆ ಅಧ್ಯಯನವನ್ನೇ ಮಾಡಿದ್ದಾರೆ. ಖುದ್ದು ಬಂದು ಹೋದವರಿಗೆ, ಅದರಲ್ಲೂ ಎಸ್‌ಎಟಿ ಅನ್ನೋ ಇಲ್ಲಿನ ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆ ಅಂಕ ಇದ್ದವರಿಗೆ, ಅನುಕೂಲ ಜಾಸ್ತಿ ಅಂತ ಕಂಡುಬಂತು. ಬುದ್ಧಿವಂತ ಹುಡುಗಿ ನಮ್ಮಲ್ಲಿಗೆ ಯಾಕೆ ಬರ್ತಾಳೆ ಅನ್ನೋ ಅನುಮಾನ ಕಾಲೇಜಿಗೆ ಇರುತ್ತದಲ್ಲ, ಅದು ಸ್ವಲ್ಪ ಕಡಿಮೆಯಾಗುತ್ತದೆ.

ಆದರೆ ಈ ಆಟ ಹೆಚ್ಚಾಗಿ ಇಲ್ಲೇ ಇರುವವರದ್ದು. ದಾವಣಗೆರೆಯ ಹುಡುಗಿ ಬರಲಿಲ್ಲ ಅಂತ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ದೂರದವರು ಆನ್‌ಲೈನ್ ಸಭೆಗೆ ಕೂತರೆ, ಬೆಂಗಳೂರಿಗೆ ಕಾಲೇಜಿನವರು ಬಂದಾಗ ಹೋಗಿ ಮಾತಾಡಿಸಿದರೆ, ನಮ್ಮ ಕಾಲೇಜೇ ಯಾಕೆ ಅಂತ ಕೇಳುವ ಪ್ರಬಂಧವನ್ನು ನೆಟ್ಟಗೆ ಬರೆದರೆ ಸಾಕು.

ಭೇಟಿ ಅಂದರೆ ಅಲ್ಲಿ ಏನು ನಡೆಯುತ್ತದೆ ಅಂತಲೂ ಹೇಳಿಬಿಡುತ್ತೇನೆ. ಒಳಗೆ ಹೋದ ತಕ್ಷಣ ಮೇಜಿನ ಮೇಲೊಂದು ಟ್ಯಾಬ್ಲೆಟ್. ಮಗುವಿನ ಹೆಸರು, ಇಮೇಲ್ ಹಾಕಬೇಕು, ಬಂದಿದ್ದು ದಾಖಲಾಯಿತು. ಆಮೇಲೆ ಒಂದು ಗಂಟೆ ಸ್ಲೈಡ್ ತೋರಿಸುತ್ತಾರೆ. ಆಮೇಲೆ ಎರಡನೇ ವರ್ಷದ ಹುಡುಗನೊಬ್ಬ ನಮ್ಮ ಕಡೆ ಮುಖ ಮಾಡಿ ಹಿಮ್ಮುಖವಾಗಿ ನಡೆಯುತ್ತಾ ಲೈಬ್ರರಿ, ಹಾಸ್ಟೆಲ್ ತೋರಿಸುತ್ತಾನೆ. ನಿಮ್ಮ ಮುಖ ನೆನಪಿಟ್ಟುಕೊಳ್ಳುವವರು ಅಲ್ಲಿ ಯಾರೂ ಇಲ್ಲ. ಒಂದು ಕಡೆ ನಮ್ಮ ಯಜಮಾನರು ಪ್ಲೇಸ್‌ಮೆಂಟ್ ಎಷ್ಟು, ಪ್ಯಾಕೇಜ್ ಎಷ್ಟು ಅಂತ ಒಂದೇ ಸಮ ಕೇಳ್ತಾ ಇದ್ದರು, ಮಗಳು ಮೆಲ್ಲಗೆ ಹಿಂದೆ ಸರಿದು ಬೇರೆ ಯಾರದೋ ಮನೆಯವಳ ಥರ ನಡೆಯೋಕೆ ಶುರು ಮಾಡಿದಳು. ಊಟದ ಹಾಲ್‌ನಲ್ಲಿ ಕೂತಾಗ ಮಾತ್ರ "ಅಮ್ಮ, ಇಲ್ಲಿ ಎಲ್ಲರೂ ಒಬ್ಬೊಬ್ಬರೇ ಊಟ ಮಾಡ್ತಿದಾರೆ" ಅಂದಳು. ಆ ಕಾಲೇಜನ್ನು ಅವಳೇ ಪಟ್ಟಿಯಿಂದ ತೆಗೆದಳು. ಸುತ್ತಾಡಿದ್ದಕ್ಕೆ ನಮಗೆ ಆದ ಲಾಭ ಅದು.

ಇನ್ನು ಆಸಕ್ತಿ ತೋರಿಸುವುದರಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು 'ಅರ್ಲಿ ಡಿಸಿಷನ್'. ಸಾಮಾನ್ಯವಾಗಿ ನವೆಂಬರ್ 1ರೊಳಗೆ ಒಂದೇ ಒಂದು ಕಾಲೇಜಿಗೆ ಅರ್ಜಿ, ಸೀಟು ಕೊಟ್ಟರೆ ಸೇರಿಯೇ ಸೇರ್ತೀನಿ ಅಂತ ಸಹಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಂಥ ಕಡೆ ಹೆಚ್ಚುಕಡಿಮೆ ಅರ್ಧ ಸೀಟು ಇದರಲ್ಲೇ ತುಂಬುತ್ತದೆ. ಆದರೆ ಯಾರು ಎಷ್ಟು ಸ್ಕಾಲರ್‌ಶಿಪ್ ಕೊಡ್ತಾರೆ ಅಂತ ಹೋಲಿಸಿ ನೋಡುವ ಅವಕಾಶ ಹೋಯಿತು. ನಮ್ಮಣ್ಣನಂಥ ಅಡಿಕೆ ವ್ಯಾಪಾರದವರು ಸಹಿ ಹಾಕುವ ಮೊದಲು ಎರಡು ಸಲ ಯೋಚಿಸಬೇಕು. ಕನ್ಸಲ್ಟೆಂಟ್ ಇದರ ಬಗ್ಗೆ ತುಟಿ ಬಿಚ್ಚಿಲ್ಲ.

ವೀಸಾ ವಿಷಯವನ್ನೂ ಬಿಚ್ಚಿಲ್ಲ. ಪ್ರವಾಸಿ ವೀಸಾ ಅರ್ಜಿಗೆ ತಲೆಗೆ 185 ಡಾಲರ್, ಸಿಗದಿದ್ದರೂ ವಾಪಸ್ ಬರಲ್ಲ. ಅಕಸ್ಮಾತ್ ನಿರಾಕರಿಸಿದರೆ, ನಾಳೆ ಓದೋಕೆ ಅಂತ ವೀಸಾ ಕೇಳುವಾಗ ಹಿಂದೆ ಯಾವಾಗಾದರೂ ನಿರಾಕರಿಸಿದ್ದಾರಾ ಅನ್ನುವ ಪ್ರಶ್ನೆಗೆ ಹೌದು ಅಂತ ಬರೆಯಬೇಕು. ಸುಮ್ನೆ ಕಾಲೇಜು ನೋಡೋಕೆ ಹೋಗಿ ಇದೆಲ್ಲ ಬೇಕಾ?

ನಮ್ಮೂರಿನಲ್ಲಿ ಸಿಇಟಿ ರ್‍ಯಾಂಕ್ ಬಂದರೆ ಆಪ್ಷನ್ ಎಂಟ್ರಿ ಮಾಡಿ ಕೂರ್ತೀವಿ, ಕಾಲೇಜಿನ ಗೇಟು ನೋಡಿದ್ದೀರಾ ಅಂತ ಕೆಇಎ ಕೇಳುವುದಿಲ್ಲ. ಹಾಗಾಗಿ ಇಲ್ಲಿನ ಪದ್ಧತಿ ಅಪ್ಪ ಅಮ್ಮಂದಿರಿಗೆ ಗೊತ್ತಿಲ್ಲದಿರುವುದು ಸಹಜ, ಆ ಗೊತ್ತಿಲ್ಲದಿರುವುದನ್ನೇ ಮಾರುವವರಿದ್ದಾರೆ. ನಿಮ್ಮ ಶಿಕ್ಷಣ ಪುಟದಲ್ಲಿ ಆ ಸಿ7 ಪಟ್ಟಿ ಓದುವುದು ಹೇಗೆ ಅಂತ ಒಮ್ಮೆ ಬರೆಸಿದರೆ ಉಪಕಾರವಾಗುತ್ತದೆ. ಅಮೆರಿಕ ಸರ್ಕಾರದ್ದೇ 'ಎಜುಕೇಷನ್‌ಯುಎಸ್‌ಎ' ಮಾಹಿತಿ ಕೇಂದ್ರಗಳಿವೆ ಅನ್ನುವುದನ್ನೂ ಸೇರಿಸಿ.

ಅಣ್ಣನ ಮಗಳು ಮೊನ್ನೆ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಶಾಲು ಹೊದ್ದು ಒಂದು ಕಾಲೇಜಿನ ಆನ್‌ಲೈನ್ ಸಭೆಗೆ ಕೂತಿದ್ದಳಂತೆ. ಎರಡು ಪ್ರಶ್ನೆ ಕೇಳಿದಳಂತೆ. ಅಣ್ಣ ಟೂರ್ ಬೇಡ ಅಂದಿದ್ದಾನೆ. ಅಡ್ವಾನ್ಸ್ ಕೇಳಿದರೆ ಮಾತ್ರ, "ಮುಂದಿನ ಬ್ಯಾಚಿಗೆ ಅಡ್ಜಸ್ಟ್ ಮಾಡ್ತೀವಿ ಸಾರ್" ಅಂತಾರಂತೆ.

— ಒಬ್ಬ ತಾಯಿ, ಎಡಿಸನ್, ನ್ಯೂಜೆರ್ಸಿ